ಬೀಜಕ್ಕೆ ಬಿಟ್ಟ ಕಾಯಿ

ಹೊಳೆನರಸೀಪುರದ ನಮ್ಮ ಹಿತ್ತಲಲ್ಲಿ ಚಪ್ಪರದವರೆ ಕಾಯಿ ಕಚ್ಚಿತೆಂದರೆ ಅಜ್ಜಿ ಹಳೇ ಸೀರೆಯ ಅಂಚು ಹರಿದು ನಾಲ್ಕಾರು ಗೊಂಚಲಿಗೆ ಕಟ್ಟುತ್ತಿದ್ದರು. "ಬೀಜಕ್ಕೆ ಬಿಟ್ಟಿದೀನಿ, ಮುಟ್ಟಬೇಡ ಮಗಾ" ಎನ್ನುತ್ತಿದ್ದರು. ಹುಳುಕಿಲ್ಲದ, ತುಂಬು ಕಾಳಿನ ಕಾಯಿ ಬೀಜಕ್ಕೆ, ಉಳಿದದ್ದು ಸಾರಿಗೆ. ಬಳ್ಳಿಯಲ್ಲೇ ಗಲಗಲ ಎನ್ನುವಷ್ಟು ಒಣಗಿದ ಮೇಲೆ ಸುಲಿದು, ಒಲೆಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸುತ್ತಿದ್ದರು.

ಆ ಬೀಜ ಅಜ್ಜಿಯ ತವರು ಅರಕಲಗೂಡು ಕಡೆಯಿಂದ ಬಂದದ್ದು. ಅಕ್ಕ ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದಾಗ ಮಡಿಲಕ್ಕಿಯ ಜೊತೆ ಒಂದು ಗಂಟು ಅವರೆಬೀಜವೂ ಹೋಯಿತು. ತೆಂಗಿನ ಸೀಮೆಯವರಾದ ಅವಳ ಅತ್ತೆ ಮುಂದಿನ ಮಳೆಗಾಲಕ್ಕೆ ಎರಡು ತೆಂಗಿನ ಸಸಿ ಕಳಿಸಿಕೊಟ್ಟರು. ಅದರಲ್ಲೊಂದು ಇಂದಿಗೂ ನಮ್ಮ ಬಚ್ಚಲ ನೀರು ಕುಡಿದು ಕಾಯಿ ಕೊಡುತ್ತಿದೆ. ಹೊಲ ಗಂಡುಮಕ್ಕಳಿಗೆ ಪಾಲಾಗುತ್ತಿತ್ತು. ಬೀಜ ಹೆಣ್ಣುಮಕ್ಕಳ ಜೊತೆ ಊರೂರಿಗೆ ಹೋಗುತ್ತಿತ್ತು.

ಅರಸರ ತೋಟದ ಕಥೆಯೂ ಇಂಥದ್ದೇ. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರುಮಾಡಿದ. ಮಗ ಟಿಪ್ಪು ದೂರದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. ಅಪ್ಪ ನೆಟ್ಟದ್ದಕ್ಕೆ ಮಕ್ಕಳು ನೀರು ಹಾಕಿದರೇ ತೋಟ ಉಳಿಯುವುದು.

ಹಾಸನದಲ್ಲಿ ನನ್ನ ಮಗ 30-40ರ ಸೈಟಿನಲ್ಲಿ ಮನೆ ಕಟ್ಟಿಸುವಾಗ ಕಾಂಪೌಂಡಿನೊಳಗೆಲ್ಲ ಸಿಮೆಂಟು ಹಾಕಿಸಲು ಹೊರಟಿದ್ದ. ಗುಡಿಸುವುದು ಸುಲಭ ಎಂಬುದು ಅವನ ಲೆಕ್ಕ. ನಾನು ಹಟ ಹಿಡಿದು ಹಿಂಬದಿಯಲ್ಲಿ ಮೂರಡಿ ಅಗಲದ ಮಣ್ಣು ಉಳಿಸಿಕೊಂಡೆ. ಈಗ ಅಲ್ಲಿ ಅವರೆಚಪ್ಪರ, ಕರಿಬೇವು, ದೊಡ್ಡಪತ್ರೆ, ಒಂದು ದುಂಡುಮಲ್ಲಿಗೆ ಇವೆ. ಕಳೆದ ಮಾಗಿಯಲ್ಲಿ ಏಳು ವರ್ಷದ ಮೊಮ್ಮಗಳು ಜಡೆಯ ರಿಬ್ಬನ್ ಬಿಚ್ಚಿ ಒಂದು ಗೊಂಚಲಿಗೆ ಕಟ್ಟಿ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಕಟ್ಟುವುದನ್ನು ನೋಡಿದ್ದಳು.

ಗಿಡದ ಮೇಲಿನ ಅಕ್ಕರೆ ಹೀಗೆ ನೋಡಿ ನೋಡಿಯೇ ಬರುವಂಥದ್ದು. ನೋಡುವುದಕ್ಕೆ ಮನೆಯಲ್ಲಿ ಒಂದಿಷ್ಟು ಮಣ್ಣಿರಬೇಕು. ಹೊಸ ಮನೆಗೆ ನಕ್ಷೆ ಬರೆಸುವವರು ಕಾರಿಗೆ, ನೀರಿನ ತೊಟ್ಟಿಗೆ ಜಾಗ ಗುರುತಿಸುವ ಹಾಗೆ ಹಿತ್ತಲಿಗೂ ಗುರುತಿಸಲಿ. ನಕ್ಷೆಗೆ ಒಪ್ಪಿಗೆ ಕೊಡುವ ಕಚೇರಿಯೂ ಅದನ್ನು ಕೇಳಲಿ. ಈ ಮಾಗಿಯಲ್ಲಿ ನಿಮ್ಮ ಚಪ್ಪರದ ಒಂದು ಗೊಂಚಲನ್ನು ಬೀಜಕ್ಕೆ ಬಿಡಿ. ಬಟ್ಟೆಯನ್ನು ಮಕ್ಕಳ ಕೈಯಲ್ಲೇ ಕಟ್ಟಿಸಿ.