ಎಷ್ಟು ಹಾಳು ಒಪ್ಪುತ್ತೀರಿ? ಬರೆದುಕೊಡಿ!



ಹೊರದೇಶದ ಸಾಮಾನು ಒಂದೇ ವಾರಕ್ಕೆ ಕೆಟ್ಟುಹೋದರೆ ನಾವು ಬೈಯುವುದು ಯಾರನ್ನು? 'ಚೈನಾ ಮಾಲ್ ಅಲ್ವಾ, ಅಷ್ಟೇ ಬಿಡಿ' ಎನ್ನುತ್ತೇವೆ. ಬೈದು ಸುಮ್ಮನಾಗುತ್ತೇವೆ. ಆದರೆ ಒಂದು ಪ್ರಶ್ನೆ ಕೇಳುವುದಿಲ್ಲ. ಅದೇ ಚೀನಾದಿಂದ ಅಮೆರಿಕಕ್ಕೂ ಜಪಾನಿಗೂ ಗಟ್ಟಿ ಮಾಲು ಹೋಗುತ್ತದಲ್ಲ, ಅದು ಹೇಗೆ?

ಉತ್ತರ ಸರಳ. ಅಲ್ಲಿನ ದೊಡ್ಡ ವ್ಯಾಪಾರಿ ತಾನು ಎಷ್ಟು ದೋಷ ಸಹಿಸುತ್ತೇನೆ ಎಂದು ಕಾಗದದ ಮೇಲೆ ಬರೆದುಕೊಟ್ಟಿರುತ್ತಾನೆ. ನಮ್ಮಲ್ಲಿ ಅನೇಕರು ಬರೆಯುವುದು ಬೆಲೆ ಮಾತ್ರ. ಬೆಲೆಯನ್ನಷ್ಟೇ ಬರೆದವನಿಗೆ ಬೆಲೆಗೆ ತಕ್ಕ ಕಸ ಬರುತ್ತದೆ!

ಇಂದು ನಮ್ಮ ಹುಡುಗರೂ ಆಮದು ವ್ಯಾಪಾರಕ್ಕೆ ಇಳಿಯುತ್ತಿದ್ದಾರೆ. ಚಾರ್ಜರು, ಎಲ್‌ಇಡಿ ದೀಪ, ಆಟಿಕೆ ತರಿಸುತ್ತಿದ್ದಾರೆ. ಸಂತೋಷ. ಅಂಗಡಿಯ ಗಲ್ಲಾದ ಮೇಲೆ ಕನ್ನಡಿಗ ಕೂರಬೇಕು ಎಂದು ಕೂಗಿದವರು ನಾವೇ. ಕೂತವನು ಮುಳುಗಬಾರದು. ಈ ಮಾತು ಅದಕ್ಕಾಗಿ.

ಒಂದೂ ಕೆಡದ ಮಾಲು ಬೇಕೆನ್ನುವುದು ಆಸೆ, ವ್ಯವಹಾರವಲ್ಲ. ನಾನು ಪ್ರೆಸ್ಸು ನಡೆಸುವವನು. ಸಾವಿರ ಪ್ರತಿ ಬೇಕಾದರೆ ಸಾವಿರವೇ ಹಾಳೆ ಮೆಷಿನ್ನಿಗೆ ಹಾಕುವುದಿಲ್ಲ. ಬಣ್ಣ ಕೂರುವತನಕ ಒಂದಷ್ಟು ಹಾಳೆ ವೇಸ್ಟೇಜಿಗೆ ಹೋಗುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತೇವೆ. ಆದರೆ ಎಲ್ಲ ಹಾಳೂ ಒಂದೇ ಅಲ್ಲ. ಮದುವೆ ಕಾಗದದ ಅಂಚಿನಲ್ಲಿ ಇಂಕಿನ ಚುಕ್ಕೆ ಬಿದ್ದರೆ ಗಿರಾಕಿ ಗೊಣಗಿಕೊಂಡು ಒಯ್ಯುತ್ತಾನೆ. ಬಣ್ಣ ಸರಿದು ಅಕ್ಷರ ಎರಡೆರಡಾಗಿ ಕಂಡರೆ ಆ ಪ್ರತಿ ವಾಪಸು ಬರುತ್ತದೆ. ಮುಹೂರ್ತದ ದಿನವೇ ತಪ್ಪಿದ್ದರೆ? ಒಂದು ಪ್ರತಿಯೂ ಹೊರಗೆ ಹೋಗಬಾರದು!

ವಿದೇಶಿ ವ್ಯಾಪಾರದಲ್ಲೂ ಇದೇ ಮೂರು ತರಗತಿ. ಪ್ರಾಣಕ್ಕೆ ಕುತ್ತು ತರುವ ದೋಷ, ಸಾಮಾನು ಕೆಲಸಕ್ಕೇ ಬಾರದಂತೆ ಮಾಡುವ ದೊಡ್ಡ ದೋಷ, ನೋಟಕ್ಕಷ್ಟೇ ಕುಂದು ತರುವ ಸಣ್ಣ ದೋಷ. ಚಾರ್ಜರ್ ಮುಟ್ಟಿದರೆ ಶಾಕ್ ಹೊಡೆಯುವುದು ಮೊದಲನೆಯದು. ಚಾರ್ಜೇ ಆಗದಿರುವುದು ಎರಡನೆಯದು. ಮೇಲೆ ಗೀರು ಇರುವುದು ಮೂರನೆಯದು. ಬಳಕೆಯ ಸಾಮಾನುಗಳಿಗೆ ವ್ಯಾಪಾರಿಗಳು ಸಾಮಾನ್ಯವಾಗಿ ಬರೆಯುವ ಮಿತಿ ಕ್ರಮವಾಗಿ ಸೊನ್ನೆ, ೨.೫ ಮತ್ತು ೪. ಇದಕ್ಕೆ ಎ.ಕ್ಯೂ.ಎಲ್. ಎನ್ನುತ್ತಾರೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ೧೯೨೦ರ ದಶಕದಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಡಾಡ್ಜ್, ಹ್ಯಾರಿ ರೋಮಿಗ್ ಎಂಬ ಇಬ್ಬರು ಮಾದರಿ ತೆಗೆದು ಪರೀಕ್ಷಿಸುವ ಲೆಕ್ಕ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇಂಥ ಕೋಷ್ಟಕಗಳನ್ನು ಬಳಸಿತು. ಈಗ ದೇಶದೇಶಗಳಲ್ಲಿ ನಡೆಯುವುದು ಐ.ಎಸ್.ಓ. ೨೮೫೯. ನಮ್ಮ ಭಾರತೀಯ ಮಾನಕ ಬ್ಯೂರೋದ ಐ.ಎಸ್. ೨೫೦೦ ಕೂಡ ಅದೇ ಜಾತಿಯದು.

ಲೆಕ್ಕ ಹೀಗಿದೆ. ನೀವು ೫,೦೦೦ ಆಟಿಕೆ ತರಿಸುತ್ತೀರಿ. ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ ಅದರಿಂದ ೨೦೦ ಎತ್ತಿ ನೋಡಬೇಕು. ದೊಡ್ಡ ದೋಷದ ಮಿತಿ ೨.೫ ಇದ್ದರೆ ೧೦ರವರೆಗೆ ಪಾಸು, ೧೧ ಸಿಕ್ಕರೆ ಇಡೀ ಲಾಟು ವಾಪಸು. ಸಣ್ಣ ದೋಷದ ಮಿತಿ ೪ ಇದ್ದರೆ ೧೪ರವರೆಗೆ ಪಾಸು, ೧೫ ಆದರೆ ಫೇಲು.

ಇಲ್ಲೇ ಎಚ್ಚರ! ೨.೫ ಎಂದು ಬರೆದ ಮಾತ್ರಕ್ಕೆ ನೂರಕ್ಕೆ ಎರಡೂವರೆಗಿಂತ ಹೆಚ್ಚು ಹಾಳು ಬರುವುದೇ ಇಲ್ಲ ಎಂದು ತಿಳಿಯಬೇಡಿ. ಇನ್ನೂರಕ್ಕೆ ಹತ್ತು ಎಂದರೆ ನೂರಕ್ಕೆ ಐದಾಯಿತಲ್ಲ! ನೂರಕ್ಕೆ ಐದು ಕೆಟ್ಟಿರುವಂಥ ನೂರು ಲಾಟು ಬಂದರೆ ಈ ಪರೀಕ್ಷೆಯಲ್ಲಿ ಸುಮಾರು ೫೮ ಪಾಸಾಗಿಬಿಡುತ್ತವೆ. ಈ ಕೋಷ್ಟಕ ಮಾಡಿದ್ದು ಒಂದೇ ಕಾರ್ಖಾನೆಯಿಂದ ಮೇಲಿಂದ ಮೇಲೆ ಬರುವ ಮಾಲಿಗೆ. ಸಾಲಾಗಿ ಬಂದ ಐದು ಲಾಟಿನಲ್ಲಿ ಎರಡು ಫೇಲಾದರೆ ಮುಂದಿನದಕ್ಕೆ ಹತ್ತರ ಬದಲು ಎಂಟೇ ಮಿತಿ ಎನ್ನುವ ಬಿಗಿ ಅದರಲ್ಲೇ ಇದೆ. ಒಂದೇ ಸಲ ಒಂದು ಕಂಟೇನರ್ ತರಿಸುವವನಿಗೆ ಆ ಬಿಗಿ ಎಲ್ಲಿಂದ ಬರಬೇಕು? ಅವನು ೨.೫ರ ಬದಲು ೧ ಅಥವಾ ೧.೫ ಎಂದು ಮೊದಲೇ ಬರೆಯುವುದು ಜಾಣತನ. ಬೆಲೆ ಸ್ವಲ್ಪ ಏರೀತು. ಏರಲಿ. ಕೆಟ್ಟ ಮಾಲು ಹಿಡಿದು ಗಿರಾಕಿ ನಿಮ್ಮ ಬಾಗಿಲಿಗೆ ಬರುವುದಕ್ಕಿಂತ ಅದು ಅಗ್ಗ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ ಹಿರಿಯರು. ಒಂದೇ ಪಾತ್ರೆಯ ಅನ್ನಕ್ಕೆ ಅದು ಸರಿ. ಕಂಟೇನರ್ ಒಂದೇ ಪಾತ್ರೆಯಲ್ಲ. ಮುಂದಿನ ಪೆಟ್ಟಿಗೆಯಲ್ಲಿ ಚಿನ್ನ, ಹಿಂದಿನದರಲ್ಲಿ ಗುಜರಿ ಇರಬಹುದು. ಯಾವ ಪೆಟ್ಟಿಗೆ ಒಡೆಯಬೇಕೆಂದು ಆರಿಸುವವರು ನೀವಾಗಬೇಕು, ಇಲ್ಲವೇ ನೀವು ಕಳಿಸಿದ ತಪಾಸಕ. ಮಾರುವವನಂತೂ ಅಲ್ಲ.

ಇನ್ನು ಸೊನ್ನೆಯ ಮಾತು. ಆಟಿಕೆಯ ಬಣ್ಣದಲ್ಲಿರುವ ಸೀಸ ಕಣ್ಣಿಗೆ ಕಾಣುವುದಿಲ್ಲ. ಇನ್ನೂರಲ್ಲ, ಎರಡು ಸಾವಿರ ಎತ್ತಿ ನೋಡಿದರೂ ಕಾಣುವುದಿಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು. ೨೦೦೭ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ಲಕ್ಷಗಟ್ಟಲೆ ಆಟಿಕೆಗಳನ್ನು ವಾಪಸು ಕರೆಸಬೇಕಾಯಿತು. ಕೆಲವಕ್ಕೆ ಸೀಸದ ಬಣ್ಣ ಬಳಿದಿತ್ತು. ಆದರೆ ಬಹುಪಾಲಿನಲ್ಲಿದ್ದ ತೊಂದರೆ ಕಳಚಿಬೀಳುವ ಪುಟ್ಟ ಅಯಸ್ಕಾಂತದ್ದು. ಅದು ಮ್ಯಾಟೆಲ್‌ನದೇ ವಿನ್ಯಾಸ! ಆ ಸೆಪ್ಟೆಂಬರಿನಲ್ಲಿ ಕಂಪನಿಯ ಹಿರಿಯ ಅಧಿಕಾರಿ ಬೀಜಿಂಗಿಗೆ ಹೋಗಿ ಕ್ಷಮೆ ಕೇಳಿದರು. ಮಾಡುವವನನ್ನು ಬೈಯುವ ಮೊದಲು, ಹೀಗೆ ಮಾಡು ಎಂದು ಹೇಳಿದವನ ಕಾಗದ ನೋಡಬೇಕು.

ನಮ್ಮಲ್ಲಿ ಏನಾಯಿತು? ೨೦೧೯ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದೆಹಲಿ ಸುತ್ತಿನ ಪೇಟೆಯಿಂದ ಆಮದು ಆಟಿಕೆಗಳನ್ನು ತಂದು ಪರೀಕ್ಷಿಸಿದಾಗ ನೂರಕ್ಕೆ ೬೬ಕ್ಕೂ ಹೆಚ್ಚು ಫೇಲಾದವು. ಮಕ್ಕಳು ಬಾಯಿಗಿಡುವ ಸಾಮಾನು, ಸ್ವಾಮಿ! ಆಮೇಲೆ ೨೦೨೦ರ ಆದೇಶದಂತೆ ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಭೌಗೋಳಿಕ ಗುರುತಿನ ಸರಕಿಗೆ ಅದರಿಂದ ವಿನಾಯಿತಿ ಸಿಕ್ಕಿತು. ನಮ್ಮ ಚನ್ನಪಟ್ಟಣದ ಗೊಂಬೆಗೆ ಆ ಗುರುತಿದೆ. ಹಾಲೆ ಮರ, ಅರಗು, ಗಿಡಮೂಲದ ಬಣ್ಣದಲ್ಲಿ ಕಟ್ಟಿದ ಹೆಸರು ಅದು. ಅಗ್ಗದ ವಿಷದ ಆಟಿಕೆ ತಂದು ಆ ಕುಶಲಕರ್ಮಿಯ ಅನ್ನ ಕಸಿಯುವುದು ಯಾವ ಕನ್ನಡ ಸೇವೆ?

ಕಾನೂನನ್ನೂ ಕೇಳಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಮದು ಮಾಡಿದವನೂ ಮಾರಾಟಗಾರನೇ. ಮಾಡಿದವನ ಮೇಲೆ ಇಲ್ಲಿನ ಕಾನೂನು ನಡೆಯದಿದ್ದರೆ ಹೊಣೆ ಬೀಳುವುದು ಮಾರಿದವನ ಹೆಗಲಿಗೆ. ಅಂದರೆ ನಿಮ್ಮ ಹೆಗಲಿಗೆ!

ಇನ್ನೊಂದು ದೋಷವಿದೆ, ಅದನ್ನು ಯಾರೂ ದೋಷದ ಪಟ್ಟಿಗೆ ಸೇರಿಸುವುದಿಲ್ಲ. ೨೦೧೧ರ ಪೊಟ್ಟಣ ಸರಕಿನ ನಿಯಮಗಳು ವಿವರವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ ಎನ್ನುತ್ತವೆ. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ ಎಂದೂ ಹೇಳುತ್ತವೆ. ಅಡ್ಡಿಯಿಲ್ಲದ ಮೇಲೆ ನಾವೇಕೆ ಬರೆಸಬಾರದು? 'ಪುಟ್ಟ ಮಕ್ಕಳ ಕೈಗೆ ಕೊಡಬೇಡಿ' ಎಂಬ ಮಾತು ಮಂಡ್ಯದ ತಾಯಿಗೆ ಓದಲು ಬಾರದಿದ್ದರೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಕನ್ನಡದ ಎಚ್ಚರಿಕೆ ಇಲ್ಲದ ಪೆಟ್ಟಿಗೆಯನ್ನು ದೊಡ್ಡ ದೋಷವೆಂದು ನಿಮ್ಮ ಒಪ್ಪಂದದಲ್ಲೇ ಬರೆಯಿರಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ, ಚಳವಳಿ ಬೇಡ. ದುಡ್ಡು ಕೊಡುವವರು ನೀವು, ಬರೆಯುವ ಹಕ್ಕೂ ನಿಮ್ಮದೇ.

ಆದ್ದರಿಂದ ಮಿತ್ರರೇ, ಆರ್ಡರ್ ಕೊಡುವ ಮೊದಲು ಕೂತು ಬರೆಯಿರಿ. ಯಾವುದು ಪ್ರಾಣಕ್ಕೆ ಕುತ್ತು, ಯಾವುದು ದೊಡ್ಡದು, ಯಾವುದು ಸಣ್ಣದು. ಪ್ರತಿಯೊಂದಕ್ಕೂ ಮಿತಿ ಎಷ್ಟು. ಎಷ್ಟು ಎತ್ತಿ ನೋಡಬೇಕು, ಯಾರು ನೋಡಬೇಕು. ಫೇಲಾದರೆ ಮರುವಿಂಗಡಣೆಯ ಖರ್ಚು ಯಾರದು. ಹಡಗು ಹತ್ತುವ ಮೊದಲೇ ತಪಾಸಣೆ ಆಗಲಿ. ಪಾಸಾಗುವತನಕ ಬಾಕಿ ಹಣ ನಿಮ್ಮ ಕೈಯಲ್ಲೇ ಇರಲಿ. ದುಡ್ಡು ಹೋದ ಮೇಲೆ ಆಡುವ ಮಾತಿಗೆ ಕಿವಿಗೊಡುವವರಿಲ್ಲ.

ನಮ್ಮ ನಾಡಿಗೆ ಎಂಥ ಮಾಲು ಬರುತ್ತದೆ ಎನ್ನುವುದು ತೀರ್ಮಾನವಾಗುವುದು ಬಂದರಿನಲ್ಲಲ್ಲ, ನೀವು ಸಹಿ ಹಾಕುವ ಆ ಒಂದು ಹಾಳೆಯ ಮೇಲೆ. ಅದನ್ನು ಖಾಲಿ ಬಿಡಬೇಡಿ!