ನೆನಪು ಹೋದರೆ ಮನುಷ್ಯನೂ ಹೋದಂತೆಯೇ?

ಮರೆವಿನ ಕಾಯಿಲೆ ಹಿಡಿದ ಹಿರಿಯರಿರುವ ಮನೆಗಳಲ್ಲಿ ‘ಅಪ್ಪ ಈಗ ಮೊದಲಿನ ಅಪ್ಪನೇ ಅಲ್ಲ’ ಎಂಬ ಮಾತು ಕೇಳಿಬರುತ್ತದೆ. ನೋವಿನಲ್ಲಿ ಹೊರಟ ಮಾತದು. ಆದರೆ ನಿಜವೇ? ಅಂದು ಶಾಲೆಗೆ ಓಡಿದ ಹುಡುಗ, ಆಮೇಲೆ ಸಂಸಾರ ಹೊತ್ತ ಯಜಮಾನ, ಇಂದು ಮಗಳ ಹೆಸರನ್ನೇ ಮರೆತ ಮುದುಕ: ಇವರೆಲ್ಲ ಒಬ್ಬರೇ ಎನ್ನಲು ಏನು ಆಧಾರ?

ದೇಹವೇ ಆಧಾರ ಎನ್ನೋಣವೆಂದರೆ ಅದು ಬದಲಾಗುತ್ತಲೇ ಇರುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮಿದುಳಿನ ಹೊರಪದರದ ನರಕೋಶಗಳು ಬಹುಪಾಲು ಜೀವನದುದ್ದಕ್ಕೂ ಉಳಿಯುತ್ತವೆ. ಆದರೆ ಅವುಗಳ ನಡುವಿನ ಜೋಡಣೆ ಬದಲಾಗುತ್ತಿರುತ್ತದೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಬೇರೆ ಉತ್ತರ ಕೊಟ್ಟ. ಹಿಂದಿನ ಕೆಲಸವನ್ನು ‘ನಾನೇ ಮಾಡಿದೆ’ ಎಂಬ ಅರಿವು ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗೆ ಅದೇ ವ್ಯಕ್ತಿ. ಇದರ ಕುಂದನ್ನು 1785ರಲ್ಲಿ ತತ್ತ್ವಜ್ಞಾನಿ ಥಾಮಸ್ ರೀಡ್ ತೋರಿಸಿದ. ಬಾಲ್ಯದಲ್ಲಿ ಏಟು ತಿಂದದ್ದು ತರುಣ ಅಧಿಕಾರಿಗೆ ನೆನಪಿದೆ. ಆ ಅಧಿಕಾರಿಯ ಸಾಹಸ ವೃದ್ಧ ಸೇನಾಪತಿಗೆ ನೆನಪಿದೆ, ಬಾಲ್ಯದ ಏಟು ಮಾತ್ರ ಮರೆತಿದೆ. ಲಾಕ್‌ನ ಲೆಕ್ಕದಲ್ಲಿ, ಅಧಿಕಾರಿಯ ಮೂಲಕ ನೋಡಿದರೆ ಸೇನಾಪತಿ ಆ ಹುಡುಗನೇ ಹೌದು, ನೇರ ನೆನಪಿನಿಂದ ನೋಡಿದರೆ ಅಲ್ಲ. ಇದಕ್ಕೆ ನಂತರದವರು ಕಂಡುಕೊಂಡ ದಾರಿ, ನೆನಪಿನ ಕೊಂಡಿಗೆ ಕೊಂಡಿ ಸೇರಿದರೆ ಸಾಕೆಂಬುದು. ತೆಂಗಿನ ಹಗ್ಗದಲ್ಲಿ ಯಾವ ನಾರೂ ತುದಿಯಿಂದ ತುದಿಗೆ ಹೋಗುವುದಿಲ್ಲ; ಆದರೂ ಹಗ್ಗ ಒಂದೇ.

ನಮ್ಮಲ್ಲಿ ಈ ಚರ್ಚೆ ಇನ್ನೂ ಹಳೆಯದು. ಆಗ ಕಂಡದ್ದನ್ನೇ ಈಗ ಮುಟ್ಟುತ್ತಿದ್ದೇನೆ ಎನ್ನಬೇಕಾದರೆ ಎರಡೂ ಅನುಭವಗಳಿಗೆ ಒಬ್ಬನೇ ಒಡೆಯನಿರಬೇಕು ಎಂದರು ನ್ಯಾಯದರ್ಶನದ ನೈಯಾಯಿಕರು. ಅಂದರೆ ನೆನಪು ಆತ್ಮಕ್ಕೆ ಸಾಕ್ಷಿಯೇ ಹೊರತು ಆತ್ಮವನ್ನು ಕಟ್ಟುವಂಥದ್ದಲ್ಲ. ಒಡೆಯನೇ ಬೇಡ, ಕ್ಷಣದಿಂದ ಕ್ಷಣಕ್ಕೆ ಹರಿಯುವ ಕಾರ್ಯಕಾರಣಗಳ ಸಂತತಿಯೇ ಸಾಕು ಎಂದರು ಬೌದ್ಧರು. ಇಷ್ಟು ದೂರ ನಿಂತ ಇವರಿಬ್ಬರ ಪ್ರಕಾರವೂ, ಒಂದು ನೆನಪು ಅಳಿಸಿದರೆ ವ್ಯಕ್ತಿಯೇ ಅಳಿಸಿಹೋಗಬೇಕಿಲ್ಲ.

ವೈದ್ಯಲೋಕದ ಅನುಭವವೂ ಇದಕ್ಕೆ ಹತ್ತಿರವಿದೆ. ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅಲ್ಲಿಂದ 2008ರಲ್ಲಿ ಸಾಯುವವರೆಗೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್ ಕೈಯಲ್ಲಿ ಮಾಡಿಸಿದರು. ಹಿಂದೆ ಮಾಡಿದ್ದೇ ನೆನಪಿಲ್ಲದಿದ್ದರೂ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹೇಳಲು ಬಾರದ ಕಲಿಕೆಯೂ ಒಳಗೆ ಉಳಿಯುತ್ತದೆ ಎಂಬುದು ಹೀಗೆ ತಿಳಿಯಿತು.

ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನರರೋಗಿಗಳ ಮನೆಯವರನ್ನು ಪ್ರಶ್ನಿಸಲಾಗಿತ್ತು. ‘ಇವರು ಬೇರೆಯವರೇ ಆಗಿಬಿಟ್ಟರು’ ಎಂಬ ಭಾವನೆಗೆ ಮರೆವಿಗಿಂತ ಹೆಚ್ಚಾಗಿ ಕಾರಣವಾಗಿದ್ದು ದಯೆ, ಪ್ರಾಮಾಣಿಕತೆಯಂಥ ಗುಣಗಳಲ್ಲಾದ ಬದಲಾವಣೆ. ಕೆಲವು ಕಾಯಿಲೆಗಳು ಆ ಗುಣಗಳನ್ನೂ ಕೆಡಿಸುತ್ತವೆ. ಅಂಥವರನ್ನು ನೋಡಿಕೊಳ್ಳುವವರ ಸಂಕಟ ದೊಡ್ಡದು. ಆಗಲೂ ಅದು ರೋಗದ ಕೆಲಸ, ಮನುಷ್ಯನ ಕೆಟ್ಟತನವಲ್ಲ.

ಒಬ್ಬ ವ್ಯಕ್ತಿಯನ್ನು ಕಾಲದುದ್ದಕ್ಕೂ ಒಂದಾಗಿ ಹಿಡಿದಿಡುವುದು ಒಂದೇ ಅಂಶವಲ್ಲ. ದೇಹ, ನೆನಪು, ಗುಣ, ಪಳಗಿದ ಕೈ, ಅವರನ್ನು ಬಲ್ಲ ಜನ ಎಲ್ಲವೂ ಸೇರಿ ಹಿಡಿದಿಡುತ್ತವೆ. ಒಂದು ಸಡಿಲವಾದಾಗ ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ. ಆದ್ದರಿಂದ ಮರೆವಿನ ಹಿರಿಯರ ಮುಂದೆ ನಿಂತು ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಿ, ಪಕ್ಕದಲ್ಲಿ ಕುಳಿತು ಮಾತಾಡಿಸಿ.