ಕನಸಿನ ನೆಪದಲ್ಲಿ ಹಾಲಿವುಡ್ಡಿಗೆ ಖುಲಾಸೆ

ಡೇವಿಡ್ ಲಿಂಚ್‌ನ ‘ಮಲ್‌ಹಾಲಂಡ್ ಡ್ರೈವ್’ (2001) ಚಿತ್ರಕ್ಕೆ ಈಗೊಂದು ಗೈಡು ಸಿದ್ಧವಾಗಿದೆ. ನಮ್ಮ ಕಾಲೇಜುಗಳ ಫಿಲ್ಮ್ ಕ್ಲಬ್ಬುಗಳಲ್ಲಿ ಚಿತ್ರ ಮುಗಿದು ಲೈಟು ಹಾಕುವಷ್ಟರಲ್ಲೇ ಯಾರಾದರೊಬ್ಬರು ಅದನ್ನು ಒಪ್ಪಿಸಲು ಶುರು ಮಾಡಿರುತ್ತಾರೆ. ಮೊದಲ ಎರಡು ಗಂಟೆ ಕನಸು, ಕೊನೆಯ ಅರ್ಧ ಗಂಟೆ ವಾಸ್ತವ. ಡಯಾನ್ ಎಂಬ ಸೋತ ನಟಿ, ತನ್ನನ್ನು ಬಿಟ್ಟು ನಿರ್ದೇಶಕನ ಕೈಹಿಡಿಯಹೊರಟ ಪ್ರೇಯಸಿ ಕಮಿಲಾಳನ್ನು ಸುಪಾರಿ ಕೊಟ್ಟು ಕೊಲ್ಲಿಸುತ್ತಾಳೆ. ಪಾಪಪ್ರಜ್ಞೆಯಲ್ಲಿ ಮಲಗಿದವಳಿಗೆ ಕನಸು ಬೀಳುತ್ತದೆ. ಅದರಲ್ಲಿ ತಾನು ಬೆಟ್ಟಿ, ಊರಿನಿಂದ ಈಗಷ್ಟೇ ಬಂದಿಳಿದ ಪ್ರತಿಭಾವಂತೆ. ಕಮಿಲಾ ಅಪಘಾತದಲ್ಲಿ ನೆನಪು ಕಳೆದುಕೊಂಡು ತನ್ನನ್ನೇ ಆತುಕೊಂಡಿರುವ ರೀಟಾ. ಕನಸು ಒಡೆಯುತ್ತದೆ, ಡಯಾನ್ ಗುಂಡು ಹೊಡೆದುಕೊಂಡು ಸಾಯುತ್ತಾಳೆ. ನೀಲಿ ಕೀಲಿ ಎಂದರೆ ಕೊಲೆ ಆಯಿತು ಎಂಬ ಸಂಕೇತ. ಲೆಕ್ಕ ಸರಿಹೋಯಿತು, ಎಲ್ಲರೂ ಮನೆಗೆ ಹೋಗಬಹುದು.

ಈ ಓದು ಪೂರ್ತಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಚಿತ್ರದ ಬಹುಪಾಲು ವಿವರಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ನನ್ನ ತಕರಾರು ಈ ಓದು ಸದ್ದಿಲ್ಲದೆ ಮಾಡಿಮುಗಿಸುವ ಕೆಲಸದ ಬಗ್ಗೆ. ಸಿನಿಮಾ ಉದ್ಯಮವನ್ನು ಕಟಕಟೆಗೆ ತಂದು ನಿಲ್ಲಿಸಿದ ಚಿತ್ರವೊಂದನ್ನು ಅದು ಒಬ್ಬ ಹೊಟ್ಟೆಕಿಚ್ಚಿನ ಹೆಣ್ಣಿನ ಕೇಸ್ ಫೈಲ್ ಮಾಡಿಬಿಡುತ್ತದೆ. ಚಿತ್ರದೊಳಗಿನ ಒಪ್ಪಂದಗಳು, ಬೆದರಿಕೆಗಳು, ಗಾಜಿನ ಕೋಣೆಯಲ್ಲಿ ಕೂತು ಚಿತ್ರೀಕರಣ ನಿಲ್ಲಿಸುವ ಮಿಸ್ಟರ್ ರೋಕ್, ಎಲ್ಲವೂ ಡಯಾನ್‌ಳ ತಲೆಯೊಳಗಿನ ಕಸವಾಗುತ್ತವೆ. ಹಾಲಿವುಡ್ಡಿಗೆ ಖುಲಾಸೆ ಸಿಗುತ್ತದೆ.

ಗೈಡಿನವರಿಗೆ ನನ್ನದೊಂದೇ ಪ್ರಶ್ನೆ. ಇದು ಆಸೆ ಈಡೇರಿಸಿಕೊಳ್ಳುವ ಕನಸಾದರೆ, ಆ ಕನಸಿನಲ್ಲೂ ಬೆಟ್ಟಿಗೆ ಪಾತ್ರ ಯಾಕೆ ಸಿಗುವುದಿಲ್ಲ?

ಆಡಿಷನ್ ದೃಶ್ಯವನ್ನು ನೆನಪಿಸಿಕೊಳ್ಳಿ. ಅದಕ್ಕೂ ಮೊದಲು ಅಡುಗೆಮನೆಯಲ್ಲಿ ಬೆಟ್ಟಿ, ರೀಟಾ ಇಬ್ಬರೂ ಅದೇ ಸಂಭಾಷಣೆಯನ್ನು ಓದಿ ನಕ್ಕಿದ್ದಾರೆ. ಮೂರನೇ ದರ್ಜೆಯ ಧಾರಾವಾಹಿಯ ಮಾತುಗಳು ಅವು: ಅಪ್ಪನ ಗೆಳೆಯ, ಗುಟ್ಟಿನ ಸಂಬಂಧ, ಕೊಲ್ಲುತ್ತೇನೆಂಬ ಬೆದರಿಕೆ. ಆಡಿಷನ್ ಕೋಣೆಯಲ್ಲಿ ಎದುರು ನಿಲ್ಲುವವನು ವುಡಿ, ತಂದೆಯ ವಯಸ್ಸಿನ ನಟ. ಹತ್ತಿರ ನಿಂತು ಆಡೋಣ, ಆ ಕಪ್ಪು ಕೂದಲಿನ ಹುಡುಗಿಯ ಜೊತೆ ಮಾಡಿದ ಹಾಗೆ, ಎನ್ನುತ್ತಾನೆ. ಆ ಹುಡುಗಿಯ ಹೆಸರು ಅವನಿಗೆ ನೆನಪಿಲ್ಲ. ನಿರ್ದೇಶಕ ಬಾಬ್ ಬ್ರೂಕರ್ ಕೊಡುವ ಸಲಹೆ ತಲೆಬುಡವಿಲ್ಲದ್ದು. ಕೋಣೆಯ ತುಂಬ ಜನ ಕೂತು ನೋಡುತ್ತಿದ್ದಾರೆ. ಬೆಟ್ಟಿ ಅವನ ಕೈಯನ್ನು ತಾನೇ ಹಿಡಿದು ಇಡಬೇಕಾದಲ್ಲಿ ಇಡುತ್ತಾಳೆ, ಕಿರುಚಬೇಕಾದ ಮಾತನ್ನು ಪಿಸುಗುಟ್ಟುತ್ತಾಳೆ. ಕಸದಂಥ ಮಾತಿಗೆ ಉಸಿರು ಬರುತ್ತದೆ. ನವೋಮಿ ವಾಟ್ಸ್ ಎಂಥ ನಟಿ ಎಂದು ಜಗತ್ತಿಗೆ ಗೊತ್ತಾದದ್ದು ಆ ಕೆಲವೇ ನಿಮಿಷಗಳಲ್ಲಿ.

ಆಮೇಲೇನಾಗುತ್ತದೆ? ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಚೆ ಬಂದ ಕೂಡಲೇ ಕಾಸ್ಟಿಂಗ್‌ನವಳು, ಈ ಚಿತ್ರ ತೆರೆಗೆ ಬರುವುದೇ ಅನುಮಾನ ಎಂದು ನಗುತ್ತಾಳೆ. ಇನ್ನೊಬ್ಬ ದೊಡ್ಡ ನಿರ್ದೇಶಕನಿದ್ದಾನೆ ಎಂದು ಬೆಟ್ಟಿಯನ್ನು ಆಡಮ್ ಕೆಶರ್‌ನ ಸೆಟ್ಟಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಹುಡುಗಿಯರು ಸಾಲಾಗಿ ನಿಂತು ರೆಕಾರ್ಡ್ ಆದ ಹಾಡಿಗೆ ತುಟಿ ಆಡಿಸುತ್ತಿದ್ದಾರೆ. ಆಡಮ್ ತಿರುಗಿ ನೋಡುತ್ತಾನೆ, ಕಣ್ಣು ಕೂಡುತ್ತವೆ. ಹಳೆಯ ಹಾಲಿವುಡ್ ಕಥೆಯಾಗಿದ್ದರೆ ಇಲ್ಲಿಗೆ ಎಲ್ಲವೂ ಮುಗಿದು ತಾರೆಯೊಬ್ಬಳು ಹುಟ್ಟಬೇಕಿತ್ತು. ಆದರೆ ಆಡಮ್ ಆಗಲೇ ಸೋತಿದ್ದಾನೆ. ಕ್ಯಾಸ್ಟಿಲ್ಯಾನಿ ಸಹೋದರರು ಫೋಟೋ ತೋರಿಸಿ ಹೇಳಿದ ಮಾತನ್ನು ಅವನೀಗ ಗಿಣಿಪಾಠ ಒಪ್ಪಿಸುತ್ತಾನೆ: ಇವಳೇ ಆ ಹುಡುಗಿ. ಬೆಟ್ಟಿ ಗೆಳತಿಗೆ ಕೊಟ್ಟ ಮಾತು ನೆನಪಾಗಿ ಓಡಿಹೋಗುತ್ತಾಳೆ.

ಅಂದರೆ ಡಯಾನ್ ತನ್ನ ಕನಸಿನಲ್ಲೂ ಗೆಲ್ಲಲಿಲ್ಲ. ಪ್ರತಿಭೆಯನ್ನು ಕಲ್ಪಿಸಿಕೊಂಡಳು, ಪ್ರೀತಿಯನ್ನು ಕಲ್ಪಿಸಿಕೊಂಡಳು, ತೀರಿಹೋದ ಚಿಕ್ಕಮ್ಮನನ್ನು ಬದುಕಿಸಿ ಶೂಟಿಂಗಿಗೆ ಕಳಿಸಿದಳು. ಪ್ರತಿಭೆಗೆ ಪಾತ್ರ ಸಿಗುತ್ತದೆ ಎಂಬುದನ್ನು ಮಾತ್ರ ಅವಳಿಗೆ ಕಲ್ಪಿಸಿಕೊಳ್ಳಲಾಗಲಿಲ್ಲ. ಕನಸಿಗೂ ನಂಬಿಸಲಾಗದಷ್ಟು ಗಟ್ಟಿಯಾಗಿ ಅವಳಿಗೆ ಆ ಊರಿನ ವ್ಯವಹಾರ ಗೊತ್ತಿತ್ತು. ಮಾಫಿಯಾ, ಕೌಬಾಯ್, ಗಾಜಿನ ಕೋಣೆ ಇವೆಲ್ಲ ಅವಳ ಸಬೂಬುಗಳು ಎನ್ನುತ್ತದೆ ಗೈಡು. ಇರಬಹುದು. ಆದರೆ ಕೊನೆಯ ಭಾಗದ ಪಾರ್ಟಿಯಲ್ಲಿ ಡಯಾನ್ ತನ್ನ ಕಥೆ ಹೇಳುವುದನ್ನು ಕೇಳಿ. ಆ ಪಾತ್ರ ಬೇಕೇಬೇಕೆಂದಿತ್ತು, ಕಮಿಲಾಗೆ ಸಿಕ್ಕಿತು, ನಿರ್ದೇಶಕ ಬಾಬ್ ಬ್ರೂಕರ್‌ಗೆ ನನ್ನ ಬಗ್ಗೆ ಅಷ್ಟೇನೂ ಅನ್ನಿಸಲಿಲ್ಲ. ಇಷ್ಟೇ ಅವಳಿಗೆ ಸಿಕ್ಕ ಕಾರಣ. ಯಾಕೆ ಅನ್ನಿಸಲಿಲ್ಲ, ಯಾರಿಗೆ ಅನ್ನಿಸಬೇಕಿತ್ತು, ಯಾರೂ ಹೇಳುವುದಿಲ್ಲ. ಕಾರಣ ಹೇಳದೆ ತಿರಸ್ಕರಿಸುವ ಜಾಗದಲ್ಲಿ ತಿರಸ್ಕೃತರು ಪಿತೂರಿಗಳನ್ನು ಕಟ್ಟಿಕೊಳ್ಳುತ್ತಾರೆ. ಪಿತೂರಿಯ ವಿವರಗಳು ಹುಚ್ಚಾಗಿರಬಹುದು, ನಿರ್ಧಾರ ಬೇರೆಲ್ಲೋ ಆಗಿದೆ ಎಂಬ ಅನುಮಾನ ಹುಚ್ಚಲ್ಲ.

‘ಇವಳೇ ಆ ಹುಡುಗಿ’ ಎಂಬ ಮಾತು ಆ ಅರ್ಧ ಗಂಟೆಯಲ್ಲಿ ಮತ್ತೊಮ್ಮೆ ಬರುತ್ತದೆ. ಈ ಸಲ ಡಯಾನ್ ಹೋಟೆಲಿನ ಮೇಜಿನ ಮೇಲೆ ಬಾಡಿಗೆ ಕೊಲೆಗಾರನ ಮುಂದೆ ಕಮಿಲಾಳ ಫೋಟೋ ಸರಿಸುತ್ತಾಳೆ. ನಟಿಯರು ಅವಕಾಶ ಕೇಳಲು ಹಂಚುವಂಥದೇ ಫೋಟೋ. ಅವಳಿಗೆ ಗೊತ್ತಿದ್ದದ್ದು ಇದೊಂದೇ ಭಾಷೆ. ಒಬ್ಬಳನ್ನು ಆರಿಸುವುದಕ್ಕೂ ಕೊಲ್ಲುವುದಕ್ಕೂ ಅದೇ ವಾಕ್ಯ ಸಾಕಾಗುತ್ತದೆ.

ಇನ್ನೊಂದು ವಿಷಯ ಗೈಡಿನವರಿಗೆ ಇಕ್ಕಟ್ಟಿನದ್ದು. ಈ ‘ಕನಸಿನ’ ಬಹುಭಾಗವನ್ನು ಲಿಂಚ್ ಚಿತ್ರೀಕರಿಸಿದ್ದು 1999ರಲ್ಲಿ, ಎಬಿಸಿ ವಾಹಿನಿಗೆಂದು ಮಾಡಿದ ಧಾರಾವಾಹಿಯ ಮೊದಲ ಕಂತಾಗಿ. ವಾಹಿನಿ ಅದನ್ನು ನಿರಾಕರಿಸಿತು. ಆಮೇಲೆ ಫ್ರಾನ್ಸಿನ ಸ್ಟುಡಿಯೋ ಕೆನಾಲ್ ಹಣ ಹಾಕಿದ ಮೇಲೆ ಕೊನೆಯ ಭಾಗ ಸೇರಿಕೊಂಡು ಸಿನಿಮಾ ಆಯಿತು. ಆ ಮೊದಲ ಶೂಟಿಂಗಿನ ಹೊತ್ತಿಗೆ ನಿದ್ದೆಯಿಂದೇಳುವ ಡಯಾನ್ ಇನ್ನೂ ಹುಟ್ಟಿರಲಿಲ್ಲ. ಕನಸು ಮೊದಲು ಬಂತು, ಕಾಣುವವಳು ಆಮೇಲೆ. ಅವಳನ್ನು ಹುಟ್ಟಿಸಿದ್ದೇ ಒಂದು ಉದ್ಯಮದ ‘ಬೇಡ’ ಎಂಬ ಮಾತು. ಆ ‘ಬೇಡ’ದ ಚಿತ್ರ 2001ರ ಕಾನ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೆದದ್ದು, 2016ರಲ್ಲಿ ಬಿಬಿಸಿ ಕೇಳಿದ 177 ವಿಮರ್ಶಕರು ಈ ಶತಮಾನದ ಅತ್ಯುತ್ತಮ ಚಿತ್ರವೆಂದದ್ದು, ಇವೆಲ್ಲ ಬೇರೆ ಮಾತು.

ಹೆಸರಿನ ಸಂಗತಿಯನ್ನೂ ನೋಡಿ. ನೆನಪಿಲ್ಲದ ಹೆಂಗಸು ಸ್ನಾನದ ಮನೆಯ ಕನ್ನಡಿಯಲ್ಲಿ ‘ಗಿಲ್ಡಾ’ ಚಿತ್ರದ ಪೋಸ್ಟರ್ ಕಂಡು ತನ್ನ ಹೆಸರು ರೀಟಾ ಎನ್ನುತ್ತಾಳೆ. ಅದು ರೀಟಾ ಹೇವರ್ತ್‌ಳ ಹೆಸರು. ಅವಳದೂ ಸ್ವಂತದ್ದಲ್ಲ. ಹುಟ್ಟಿದಾಗ ಅವಳು ಮಾರ್ಗರಿಟಾ ಕಾರ್ಮೆನ್ ಕ್ಯಾನ್ಸಿನೋ, ತಂದೆ ಸ್ಪೇನ್ ಮೂಲದ ನರ್ತಕ. ಅವಳನ್ನು ಅಮೆರಿಕದ ತಾರೆಯಾಗಿಸುವಾಗ ಹೆಸರು ಬದಲಾಯಿತು, ಕಪ್ಪು ಕೂದಲಿಗೆ ಬಣ್ಣ ಬಿತ್ತು, ಹಣೆ ಅಗಲವಾಗಿ ಕಾಣಲೆಂದು ಕೂದಲಿನ ಅಂಚನ್ನು ವಿದ್ಯುತ್ ಚಿಕಿತ್ಸೆಯಿಂದ ಹಿಂದಕ್ಕೆ ಸರಿಸಲಾಯಿತು. ಲಿಂಚ್‌ನ ರೀಟಾ, ಮೆಕ್ಸಿಕೋದಲ್ಲಿ ಹುಟ್ಟಿದ ಲಾರಾ ಹ್ಯಾರಿಂಗ್, ಮುಂದೆ ಹೊಂಬಣ್ಣದ ವಿಗ್ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಇದನ್ನೂ ‘ಡಯಾನ್‌ಳ ಮನಸ್ಸು ಇಬ್ಬರನ್ನೂ ಬೆರೆಸುತ್ತಿದೆ’ ಎಂದು ಮುಗಿಸಿಬಿಡುವವರಿಗೆ ನಾನೇನು ಹೇಳಲಿ! ಒಬ್ಬಳನ್ನು ಅಳಿಸಿ ಇನ್ನೊಬ್ಬಳನ್ನು ಬರೆಯುವ ಆ ವಿಗ್ಗಿಗೆ ಹಾಲಿವುಡ್ಡಿನಲ್ಲಿ ದಶಕಗಳ ಚರಿತ್ರೆಯಿದೆ.

ಗೈಡಿನವರನ್ನು ಬೈದ ಕೂಡಲೇ ಎದುರು ಪಕ್ಷದವರು ಖುಷಿಪಡುವುದು ಬೇಡ. ‘ಲಿಂಚ್‌ನನ್ನು ಅರ್ಥಮಾಡಿಕೊಳ್ಳಬಾರದು, ಅನುಭವಿಸಬೇಕು’ ಎನ್ನುವವರು ಇವರು. 2025ರ ಜನವರಿಯಲ್ಲಿ ಲಿಂಚ್ ತೀರಿಕೊಂಡಾಗಲೂ ಇದೇ ಮಾತು ಶ್ರದ್ಧಾಂಜಲಿಯಾಗಿ ಓಡಾಡಿತು. ಆತ ತನ್ನ ಚಿತ್ರಗಳನ್ನು ವಿವರಿಸಲು ಒಪ್ಪುತ್ತಿರಲಿಲ್ಲ, ನಿಜ. ಡಿವಿಡಿಯ ಜೊತೆಗೆ ಹತ್ತು ಸುಳಿವುಗಳ ಚೀಟಿ ಕೊಟ್ಟು ಎಲ್ಲರನ್ನೂ ಇನ್ನಷ್ಟು ದಾರಿ ತಪ್ಪಿಸಿದ್ದೂ ನಿಜ. ಆದರೆ ‘ಬರೀ ಅನುಭವ’ ಎಂಬುದು ಕ್ಲಬ್ ಸಿಲೆನ್ಸಿಯೋದ ದೃಶ್ಯದ ಎದುರು ಎಷ್ಟು ಹೊತ್ತು ನಿಲ್ಲುತ್ತದೆ? ವಾದ್ಯವೃಂದವಿಲ್ಲ, ಎಲ್ಲವೂ ರೆಕಾರ್ಡು ಎಂದು ವೇದಿಕೆಯ ಮೇಲಿನವನು ಮೊದಲೇ ಸಾರಿಬಿಡುತ್ತಾನೆ. ರೆಬೆಕಾ ಡೆಲ್ ರಿಯೋ ಸ್ಪ್ಯಾನಿಷ್‌ನಲ್ಲಿ ಹಾಡತೊಡಗಿದಾಗ ನಾವು ಅದನ್ನು ಮರೆಯುತ್ತೇವೆ. ಆಕೆ ಕುಸಿದು ಬೀಳುತ್ತಾಳೆ, ಹಾಡು ಮುಂದುವರಿಯುತ್ತದೆ. ಇಬ್ಬರು ಆಳುಗಳು ಬಂದು ಆಕೆಯನ್ನು ಎತ್ತಿಕೊಂಡು ಹೋಗುತ್ತಾರೆ, ಹಾಡು ಇನ್ನೂ ಮುಂದುವರಿಯುತ್ತದೆ.

ಹಿನ್ನೆಲೆ ಗಾಯನದ ನಾಡಿನವರಾದ ನಮಗೆ ಇದರಲ್ಲಿ ಬೆಚ್ಚುವಂಥದ್ದೇನೂ ಇರಬಾರದಿತ್ತು. ಪಿ.ಬಿ. ಶ್ರೀನಿವಾಸ್ ಹಾಡಿ ರಾಜ್‌ಕುಮಾರ್ ತುಟಿ ಆಡಿಸಿದ್ದಕ್ಕೆ ಕಣ್ಣು ಒದ್ದೆ ಮಾಡಿಕೊಂಡವರು ನಾವು. ಎಷ್ಟೋ ನಾಯಕಿಯರ ಮಾತು ಯಾವುದೋ ಡಬ್ಬಿಂಗ್ ಕಲಾವಿದೆಯ ಗಂಟಲಿನಿಂದ ಬಂದದ್ದು, ಆ ಹೆಸರು ನಮಗೆ ಬೇಕಾಗಲೂ ಇಲ್ಲ. ಆದರೂ ಸಿಲೆನ್ಸಿಯೋ ಬೆಚ್ಚಿಸುತ್ತದೆ, ಯಾಕೆಂದರೆ ಇಲ್ಲಿ ಬಿದ್ದ ದೇಹ ನಮ್ಮ ಕಣ್ಣೆದುರೇ ಇದೆ. ಯಂತ್ರ ಓಡಲು ಹಾಡಿದವಳು ಎದ್ದು ನಿಂತಿರಬೇಕಾಗಿಲ್ಲ. ಇದನ್ನು ಅನುಭವಿಸಿಯೂ ಅರ್ಥಮಾಡಿಕೊಳ್ಳಲಾರೆ ಎಂದರೆ ಅದು ಹಟ.

ಉತ್ತರ ಸಿಕ್ಕಿಬಿಟ್ಟಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೆ ನಮ್ಮದೇ ಒಂದು ಉದಾಹರಣೆಯಿದೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಕೂಡ ಕನಸು, ಗುರುತು, ಸಿನಿಮಾ ಉದ್ಯಮ ಮೂರನ್ನೂ ಹೆಣೆದ ಚಿತ್ರ. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ್ದು. ಅದು ನನಗೆ ಇಷ್ಟ, ಹಲವು ಸಲ ನೋಡಿದ್ದೇನೆ. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿ, ಮುಚ್ಚುವ ಅಂಚಿನಲ್ಲಿರುವ ಆ ಥಿಯೇಟರು, ಅದನ್ನು ಉಳಿಸಿಕೊಳ್ಳಲು ಒದ್ದಾಡುವ ಶಂಕ್ರಣ್ಣ, ಇವರೆಲ್ಲ ಗಾಂಧಿನಗರ ತೋರಿಸದ ಗಾಂಧಿನಗರವನ್ನು ತೋರಿಸುತ್ತಾರೆ. ಆದರೆ ಕೊನೆಗೆ ತಾರೆ ನಿಖಿಲ್ ನಿಜ, ನಿಕ್ಕಿ ಅವನ ಕನಸು ಎಂದು ಗೊತ್ತಾಗುತ್ತದೆ. ಒಗಟು ಚೆಂದವಾಗಿ ಬಿಡಿಸಿಕೊಳ್ಳುತ್ತದೆ, ನಾವು ತಾರೆಯ ಒಂಟಿತನಕ್ಕೆ ಮರುಗುತ್ತೇವೆ, ಟಾರ್ಚ್ ಹಿಡಿದವನು ತಾರೆಯ ಕಲ್ಪನೆಯಾಗಿ ಹೋಗುತ್ತಾನೆ. ಶಂಕ್ರಣ್ಣನ ಸಾಲವೂ ಅವನ ಜೊತೆಗೇ ಹೋಗುತ್ತದೆ. ಲಿಂಚ್‌ನ ಚಿತ್ರದಲ್ಲಿ ಕನಸು ಕಾಣುವವಳು ಸೋತವಳು. ಎರಡು ಚಿತ್ರಗಳಿಗೂ ಒಂದೇ ಗೈಡು ಹಿಡಿದು ‘ಕನಸೋ ನಿಜವೋ’ ಎಂದಷ್ಟೇ ಕೇಳುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಲಿಂಚ್ ಉದ್ಯಮದ ಹೊರಗೆ ನಿಂತ ಸಂತ ಎಂದೇನೂ ನಾನು ಭಾವಿಸಿಲ್ಲ. ವರ್ಷಗಟ್ಟಲೆ ಹಾಲಿವುಡ್ಡಿನಲ್ಲಿ ಆಡಿಷನ್ನಿಂದ ಆಡಿಷನ್ನಿಗೆ ಅಲೆದಿದ್ದ ವಾಟ್ಸ್‌ರನ್ನು ಆತ ಆರಿಸಿದ್ದು ಅವರ ಹಿಂದಿನ ಯಾವ ಕೆಲಸವನ್ನೂ ನೋಡಿ ಅಲ್ಲ. ಮುಂದಿದ್ದ ಫೋಟೋಗಳಲ್ಲಿ ಒಂದನ್ನು ನೋಡಿ ಕರೆಸಿ, ಅರ್ಧ ಗಂಟೆ ಮಾತಾಡಿಸಿ, ಇವಳೇ ಎಂದು ತೀರ್ಮಾನಿಸಿದ. ಆ ರಾಶಿಯಲ್ಲಿ ವಾಟ್ಸ್‌ರ ಫೋಟೋದ ಮೇಲೆ ಕೆಳಗೆ ಇದ್ದವರು ಯಾರು ಎಂದು ಯಾವ ಗೈಡೂ ಕೇಳುವುದಿಲ್ಲ.